ಆತ್ಮಹತ್ಯೆ ತಡೆ ಸಂಘದ ಆಡಳಿತ ಮಂಡಳಿ ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಒಂದು ಮಾತು. ಇದನ್ನು ಓದುತ್ತಿರುವ ನಿಮಗೇ ಬದುಕು ಸಾಕೆನಿಸುತ್ತಿದ್ದರೆ ಮಂಡಳಿಯ ವಿಚಾರ ಆಮೇಲೆ ನೋಡೋಣ. ಈಗಲೇ ನಿಮ್ಮ ದೇಶದ ಆತ್ಮಹತ್ಯೆ ತಡೆ ಸಹಾಯವಾಣಿಗೋ ತುರ್ತು ಸಂಖ್ಯೆಗೋ ಕರೆ ಮಾಡಿ. ಆಗದಿದ್ದರೆ ನಂಬಿಕೆಯ ಒಬ್ಬರನ್ನು ಪಕ್ಕಕ್ಕೆ ಕರೆಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮಂಡಳಿಯ ಸದಸ್ಯರು ನಿಜಕ್ಕೂ ಮಾಡುವ ಕೆಲಸ ಏನು?

ಸಹಾಯವಾಣಿಯ ಫೋನ್ ಎತ್ತುವುದು ಸ್ವಯಂಸೇವಕರ ಕೆಲಸ. ನಡುರಾತ್ರಿ ಎರಡು ಗಂಟೆಗೆ ಬರುವ ಕರೆಗೆ ತರಬೇತಿ ಪಡೆದ ಒಬ್ಬರು ಅಲ್ಲಿರುವಂತೆ, ಅವರಿಗೆ ದಾರಿ ತೋಚದಾಗ ಕೇಳಲು ಮೇಲ್ವಿಚಾರಕರು ಇರುವಂತೆ, ಮುಂದಿನ ವರ್ಷವೂ ಆ ಸಂಖ್ಯೆ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳುವುದು ಮಂಡಳಿಯ ಕೆಲಸ. ನೀತಿ ರೂಪಿಸುವುದು, ಹಣದ ಮೇಲೆ ಕಣ್ಣಿಡುವುದು, ಮುಖ್ಯಸ್ಥರನ್ನು ನೇಮಿಸಿ ವರ್ಷಕ್ಕೊಮ್ಮೆ ಅವರ ಕೆಲಸ ಪರಿಶೀಲಿಸುವುದು, ಅಪಾಯ ಎಲ್ಲಿದೆ ಎಂದು ಮುಂದಾಗಿ ಕೇಳುವುದು ಎಲ್ಲವೂ ಇದರೊಳಗೇ ಬರುತ್ತವೆ.

ಒಳ್ಳೆಯ ಮನಸ್ಸಿನಿಂದ ಬಂದವರು ಎಡವುವುದು ಹೆಚ್ಚಾಗಿ ಇಲ್ಲೇ. ಇಂಥ ಸಂಘದಲ್ಲಿ ಎಲ್ಲರೂ ಸೇವಾಭಾವದಿಂದ ದುಡಿಯುತ್ತಿರುವುದರಿಂದ ಪ್ರಶ್ನೆ ಕೇಳಿದರೆ ಅವರ ಮನಸ್ಸು ನೋಯಬಹುದೆಂಬ ಸಂಕೋಚ ಹುಟ್ಟುತ್ತದೆ. ಆ ಸಂಕೋಚದಲ್ಲೇ ಖಾಲಿ ಪಾಳಿಗಳು, ದಣಿದ ಸ್ವಯಂಸೇವಕರು, ತಡವಾದ ಲೆಕ್ಕಪತ್ರಗಳು ವರ್ಷಗಟ್ಟಲೆ ಮುಚ್ಚಿಹೋಗುತ್ತವೆ. ಪ್ರಶ್ನೆ ಕೇಳಿದರೆ ಅವಿಶ್ವಾಸ ತೋರಿಸಿದ ಹಾಗಲ್ಲ. ನೀವು ಅಲ್ಲಿ ಕೂತಿರುವುದೇ ಕೇಳುವುದಕ್ಕೆ.

ನಾನು ವೈದ್ಯನಲ್ಲ, ಆಪ್ತಸಮಾಲೋಚಕನೂ ಅಲ್ಲ. ಬರಬಹುದೇ?

ಖಂಡಿತ. ಮಂಡಳಿ ತುಂಬ ಮನೋವೈದ್ಯರೇ ಇದ್ದರೆ ಚರ್ಚೆಯೆಲ್ಲ ಚಿಕಿತ್ಸೆಯ ಸುತ್ತ ತಿರುಗಿ ಬಾಡಿಗೆ ಕರಾರು ಓದುವವರೇ ಇರುವುದಿಲ್ಲ. ಏಳರಿಂದ ಹನ್ನೊಂದು ಜನರ ಮಂಡಳಿ ಹದವಾದದ್ದು. ಬೆಸ ಸಂಖ್ಯೆಯಿದ್ದರೆ ಮತ ಸಮವಾಗಿ ಕಗ್ಗಂಟಾಗುವುದು ಕಡಿಮೆ. ಅದರಲ್ಲಿ ಮಾನಸಿಕ ಆರೋಗ್ಯ ಬಲ್ಲ ಒಬ್ಬಿಬ್ಬರು, ಲೆಕ್ಕಪತ್ರ ಗೊತ್ತಿರುವವರು, ಕಾನೂನು ತಿಳಿದವರು, ಯುವಜನರ ನಡುವೆ ಕೆಲಸ ಮಾಡುವವರು ಇರಲಿ. ಆ ಊರಿನಲ್ಲಿ ಯಾರ ದನಿ ಕೇಳಿಸುತ್ತಿಲ್ಲವೋ ಅಂಥ ಸಮುದಾಯದವರೂ ಬೇಕು. ಕರೆ ಸ್ವೀಕರಿಸಿದ ಅನುಭವವಿರುವ ಒಬ್ಬರಂತೂ ಇರಲೇಬೇಕು. ಅವರಿಲ್ಲದಿದ್ದರೆ ಕಾಗದದ ಮೇಲೆ ಚೆನ್ನಾಗಿ ಕಾಣುವ ನಿಯಮ ಪಾಳಿಯಲ್ಲಿ ನಡೆಯುವುದಿಲ್ಲ ಎಂದು ಹೇಳುವವರೇ ಇಲ್ಲದಂತಾಗುತ್ತದೆ.

ನಮ್ಮ ಮನೆಯಲ್ಲೇ ಒಬ್ಬರನ್ನು ಆತ್ಮಹತ್ಯೆಯಿಂದ ಕಳೆದುಕೊಂಡಿದ್ದೇವೆ. ಅಥವಾ ನಾನೇ ಒಮ್ಮೆ ಪ್ರಯತ್ನಿಸಿದ್ದೆ. ನನ್ನನ್ನು ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳಬೇಕು. ನಿಮ್ಮಂಥವರಿಲ್ಲದ ಮಂಡಳಿಗೆ ಒಂದು ಕಣ್ಣಿಲ್ಲ. ಆದರೆ ಕಾಲ ಮುಖ್ಯ. ಸಾವಾದ ಮೊದಲ ತಿಂಗಳುಗಳಲ್ಲಿ ಏನಾದರೂ ಮಾಡಲೇಬೇಕೆಂಬ ತುಡಿತ ಜೋರಾಗಿರುತ್ತದೆ. ಆಗ ಸಂಘಕ್ಕೆ ನಿಮ್ಮಿಂದ ಸಿಗುವುದಕ್ಕಿಂತ ನಿಮಗೆ ಸಂಘದಿಂದ ಸಿಗಬೇಕಾದದ್ದೇ ಹೆಚ್ಚು. ಕನಿಷ್ಠ ಒಂದು ವರ್ಷ ಕಳೆಯಲಿ, ಮೊದಲ ಪುಣ್ಯತಿಥಿ ದಾಟಲಿ ಎಂಬುದು ನಮ್ಮ ಸಲಹೆ. ದುಃಖಿತರ ಗುಂಪು ನಡೆಸುವ ಜವಾಬ್ದಾರಿಯಾದರೆ ಎರಡು ವರ್ಷ ಕಾಯುವುದು ಲೇಸು. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿ ಬಂದವರಿಗೂ ಇದೇ ಮಾತು. ಈಗಿನ ನೆಮ್ಮದಿ ನೆಲೆಯೂರಿದೆಯೇ, ಕಷ್ಟ ಬಂದರೆ ಯಾರ ಬಳಿ ಹೋಗುತ್ತೀರಿ ಎಂಬುದಕ್ಕೆ ಉತ್ತರ ಇದ್ದರೆ ಸಾಕು.

ಮಂಡಳಿಗೂ ಒಂದು ಕರ್ತವ್ಯವಿದೆ. ಇಂಥ ನೋವು ಕಂಡ ಅನುಭವಸ್ಥರನ್ನು ಒಬ್ಬರನ್ನೇ ತಂದು ಕೂರಿಸಬಾರದು, ಕನಿಷ್ಠ ಇಬ್ಬರಿರಲಿ. ಒಬ್ಬರೇ ಇದ್ದರೆ ಎಲ್ಲ ಅನುಭವಸ್ಥರ ಪರವಾಗಿ ಮಾತಾಡುವ ಹೊರೆ ಅವರ ಮೇಲೆ ಬೀಳುತ್ತದೆ. ಪ್ರತಿ ಸಮಾರಂಭದಲ್ಲೂ ಕತೆ ಹೇಳಿ ಎಂದು ಅವರನ್ನು ವೇದಿಕೆ ಹತ್ತಿಸುವುದು ದೇಣಿಗೆ ತರಬಹುದು, ಆದರೆ ಆ ವ್ಯಕ್ತಿಯನ್ನು ಬಳಸಿಕೊಂಡ ಹಾಗಾಗುತ್ತದೆ. ಹೇಳುವುದೂ ಬಿಡುವುದೂ ಅವರ ಇಷ್ಟ ಎಂದು ನೇಮಕಾತಿ ಪತ್ರದಲ್ಲೇ ಬರೆದಿರಲಿ.

ಎಷ್ಟು ಸಮಯ ಕೊಡಬೇಕಾಗುತ್ತದೆ?

ತಿಂಗಳಿಗೆ ಆರರಿಂದ ಎಂಟು ಗಂಟೆ. ಎರಡು ಗಂಟೆ ಸಭೆ, ಎರಡು ಮೂರು ಗಂಟೆ ಕಾಗದಪತ್ರ ಓದುವುದು, ಉಳಿದದ್ದು ಉಪಸಮಿತಿಗೆ. ಖಜಾಂಚಿ, ಅಧ್ಯಕ್ಷರಿಗೆ ಇದರ ಇಮ್ಮಡಿ ಹಿಡಿಯುತ್ತದೆ. ಅವಧಿ ಸಾಮಾನ್ಯವಾಗಿ ಎರಡು ಅಥವಾ ಮೂರು ವರ್ಷ. ಸತತ ಎರಡು ಅವಧಿಗೆ ಮಿತಿ ಹಾಕುವುದು ಒಳ್ಳೆಯದು, ಸ್ಥಾಪಕರಿಗೂ ಅದು ಅನ್ವಯಿಸಲಿ.

ಒಪ್ಪುವ ಮೊದಲು ಏನೇನು ಕೇಳಿ ಓದಬೇಕು?

ಬೈಲಾ (ಸಂಘದ ನಿಯಮಾವಳಿ), ಕಳೆದ ಮೂರು ವರ್ಷದ ಆಡಿಟ್ ವರದಿ, ಹನ್ನೆರಡು ತಿಂಗಳ ಸಭಾ ನಡಾವಳಿ, ಈ ವರ್ಷದ ಬಜೆಟ್ ಮತ್ತು ಇಲ್ಲಿವರೆಗಿನ ಖರ್ಚು, ವಿಮೆಯ ಪ್ರತಿ, ಅಪಾಯದ ಕರೆ ಬಂದಾಗ ಪಾಲಿಸುವ ಕ್ರಮದ ಲಿಖಿತ ರೂಪ. ಕೊಡಲು ತಡವರಿಸಿದರೆ ಕಾರಣ ಕೇಳಿ.

ನಡಾವಳಿಯನ್ನು ನಿಧಾನವಾಗಿ ಓದಿ, ಅದರಲ್ಲೇ ಸಂಘದ ಆರೋಗ್ಯ ಗೊತ್ತಾಗುತ್ತದೆ. ಪ್ರತಿ ನಿರ್ಣಯವೂ ಚರ್ಚೆಯಿಲ್ಲದೆ ಸರ್ವಾನುಮತದಿಂದ ಪಾಸಾಗಿದ್ದರೆ, ಕೋರಂ (ಕನಿಷ್ಠ ಹಾಜರಾತಿ) ಇಲ್ಲದೆ ಸಭೆಗಳು ಮುಂದೂಡಲ್ಪಟ್ಟಿದ್ದರೆ, ಸ್ವಯಂಸೇವಕರ ಕೊರತೆ ಎಂಬ ವಿಷಯ ತಿಂಗಳಿಂದ ತಿಂಗಳಿಗೆ ಹಾಗೇ ಉರುಳುತ್ತಿದ್ದರೆ ಎಚ್ಚರ. ಎಲ್ಲ ಗುಪ್ತಪದಗಳೂ ಚೆಕ್‌ಬುಕ್ಕೂ ಒಬ್ಬರ ಕೈಯಲ್ಲೇ ಇರುವ ಸಂಘ ಆ ಒಬ್ಬರು ಆಸ್ಪತ್ರೆ ಸೇರಿದ ದಿನ ನಿಂತುಹೋಗುತ್ತದೆ. ಆಮೇಲೆ ಒಂದು ಸಭೆಗೆ ವೀಕ್ಷಕರಾಗಿ ಹೋಗಿ ಕೂತು ನೋಡಿ.

ಮಂಡಳಿಯವರಿಗೂ ತರಬೇತಿ ಬೇಕೇ?

ಬೇಕು. ಅಧಿಕಾರ ವಹಿಸಿಕೊಂಡ ಮೂರು ತಿಂಗಳೊಳಗೆ ಮುಗಿಸಬೇಕು. ಆತ್ಮಹತ್ಯೆಯ ಅಪಾಯ ಗುರುತಿಸಿ ನೆರವಾಗುವುದನ್ನು ಕಲಿಸುವ ತರಬೇತಿಗಳಲ್ಲಿ ಕ್ಯೂಪಿಆರ್ ಎಂಬ ಕಿರು ತರಬೇತಿ ಒಂದೆರಡು ಗಂಟೆಯದು, ಅಸಿಸ್ಟ್ ಎಂಬುದು ಎರಡು ಪೂರ್ಣ ದಿನದ್ದು. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿ ಈಗ ಹಲವು ದೇಶಗಳಲ್ಲಿ ಸಿಗುತ್ತದೆ. ಯಾವುದಾದರೂ ಆಗಲಿ, ನಿಮ್ಮ ಸಂಘ ಸಾರ್ವಜನಿಕರಿಗೆ ಕೊಡುವ ತರಬೇತಿಯನ್ನೇ ನೀವೂ ಪಡೆಯುವುದು ಉತ್ತಮ.

ಕಾರಣ ಸರಳ. ನೀವು ಈ ಸಂಘದವರೆಂದು ಗೊತ್ತಾದ ಮೇಲೆ ಜನ ನಿಮ್ಮ ಹತ್ತಿರ ಬಂದು ಹೇಳಿಕೊಳ್ಳುತ್ತಾರೆ: ಸಮಾರಂಭ ಮುಗಿದು ಕುರ್ಚಿ ಜೋಡಿಸುವಾಗ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ. ಆಗ ಮಾಡಬೇಕಾದದ್ದು ಇಷ್ಟು. ಸ್ವಲ್ಪ ಏಕಾಂತಕ್ಕೆ ಕರೆದೊಯ್ಯಿರಿ. ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅನಿಸ್ತಾ ಇದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಕೇಳಿದ್ದರಿಂದ ಎದೆ ಹಗುರಾಯಿತು ಎನ್ನುವವರು ಹಲವರಿದ್ದಾರೆ. ಹೌದು ಎಂದರೆ ಯಾವಾಗ, ಹೇಗೆ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದದ್ದು ಕೈಗೆಟಕುವಂತಿದೆಯೇ ಎಂದು ವಿಚಾರಿಸಿ. ಯೋಜನೆಯೂ ಸಾಧನವೂ ಎರಡೂ ಇದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಜೊತೆಗಿದ್ದುಕೊಂಡೇ ತುರ್ತು ಸೇವೆಗೋ ಆಸ್ಪತ್ರೆಗೋ ಕರೆ ಮಾಡಿ, ಆ ಸಾಧನ ದೂರವಾಗುವಂತೆ ಮನೆಯವರ ಜೊತೆ ಮಾತಾಡಿ. ಅಷ್ಟು ತುರ್ತಿಲ್ಲದಿದ್ದರೂ ಸಂಖ್ಯೆ ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ಅಲ್ಲೇ ಕೂತು ಜೊತೆಯಾಗಿ ಕರೆ ಮಾಡಿಸಿ, ಮರುದಿನ ವಿಚಾರಿಸಿ. ಸಂಘದ ಮೇಲ್ವಿಚಾರಕರಿಗೆ ತಿಳಿಸಿ. ಗುಟ್ಟಾಗಿಡುತ್ತೇನೆಂದು ಮಾತ್ರ ಮಾತು ಕೊಡಬೇಡಿ.

"ಮಕ್ಕಳ ಮುಖ ನೋಡಿ ಬದುಕಬೇಕು", "ಇಷ್ಟಕ್ಕೆಲ್ಲ ಹೀಗಾ" ಎಂಬ ಮಾತುಗಳು ಕಾಳಜಿಯಿಂದಲೇ ಬರುತ್ತವೆ. ಆದರೆ ಕೇಳುವವರ ತಪ್ಪಿತಸ್ಥ ಭಾವ ಅವುಗಳಿಂದ ಇನ್ನಷ್ಟು ಬೆಳೆಯುತ್ತದೆ.

ಮಂಡಳಿಯಲ್ಲಿದ್ದುಕೊಂಡೇ ಪಾಳಿಯಲ್ಲಿ ಕರೆ ಸ್ವೀಕರಿಸಬಹುದೇ?

ಸಣ್ಣ ಸಂಘಗಳಲ್ಲಿ ಅನಿವಾರ್ಯ, ಒಳ್ಳೆಯದೂ ಹೌದು. ಪಾಳಿಯಲ್ಲಿರುವಾಗ ನೀವು ಮಂಡಳಿಯ ಸದಸ್ಯರಲ್ಲ, ಮೇಲ್ವಿಚಾರಕರ ಮಾತು ಕೇಳಬೇಕಾದ ಸ್ವಯಂಸೇವಕರು. ಪಾಳಿಯಲ್ಲಿ ಕಂಡ ಅಸಮಾಧಾನವನ್ನು ನೇರವಾಗಿ ಮಂಡಳಿಗೆ ಒಯ್ದು ಸಂಯೋಜಕರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ, ಮೊದಲು ಅವರಿಗೇ ಹೇಳಿ. ನಿಮ್ಮ ಪಾಳಿಗೆ ಸಂಬಂಧಪಟ್ಟ ದೂರು ಚರ್ಚೆಗೆ ಬಂದಾಗ ಸಭೆಯಿಂದ ಹೊರಗಿರಿ, ಅದು ನಡಾವಳಿಯಲ್ಲಿ ದಾಖಲಾಗಲಿ.

ಸಭೆಯನ್ನು ಹೇಗೆ ನಡೆಸಿದರೆ ಚೆನ್ನ?

ಕಾಗದಪತ್ರ ಏಳು ದಿನ ಮೊದಲು ಕೈಸೇರಬೇಕು. ಕಾರ್ಯಸೂಚಿಯ ಮೊದಲ ವಿಷಯ ಸುರಕ್ಷತೆ ಇರಲಿ: ಕಳೆದ ಸಭೆಯ ನಂತರ ನಡೆದ ಗಂಭೀರ ಘಟನೆಗಳು, ಖಾಲಿ ಬಿದ್ದ ಪಾಳಿಗಳು, ಮೇಲ್ವಿಚಾರಣೆ ಸಿಗದ ಸ್ವಯಂಸೇವಕರು. ಇದನ್ನು ಕೊನೆಗಿಟ್ಟರೆ ಬ್ಯಾನರಿನ ಬಣ್ಣದ ಚರ್ಚೆಯಲ್ಲೇ ಗಂಟೆ ಕಳೆದು ಮುಖ್ಯವಾದದ್ದು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕರೆ ಮಾಡಿದವರ ಹೆಸರು, ಗುರುತು ಸಿಗುವ ವಿವರ ಸಭೆಗೆ ಬರಲೇಬಾರದು. ಚಿಕ್ಕ ಊರಿನಲ್ಲಿ ವಯಸ್ಸು, ಬೀದಿ, ಕಸುಬು ಮೂರು ಹೇಳಿದರೆ ಹೆಸರು ಹೇಳಿದಂತೆಯೇ. ಪ್ರತಿ ನಿರ್ಣಯದ ಎದುರು ಯಾರು ಮಾಡಬೇಕು, ಯಾವ ದಿನಾಂಕದೊಳಗೆ ಎಂದು ಬರೆಯಿರಿ. ಮುಂದಿನ ಸಭೆ ಅಲ್ಲಿಂದಲೇ ಶುರುವಾಗಲಿ.

ಹಣದ ವಿಷಯದಲ್ಲಿ ಏನು ನೋಡಬೇಕು?

ಪ್ರತಿ ಪಾವತಿಗೆ ಇಬ್ಬರ ಸಹಿ, ಆ ಇಬ್ಬರೂ ಒಂದೇ ಕುಟುಂಬದವರಾಗಿರಬಾರದು. ಬ್ಯಾಂಕ್ ಸ್ಟೇಟ್‌ಮೆಂಟನ್ನು ಲೆಕ್ಕ ಬರೆಯುವವರಲ್ಲದೆ ಮತ್ತೊಬ್ಬರು ತಿಂಗಳಿಗೊಮ್ಮೆ ತಾಳೆ ನೋಡಬೇಕು. ಗೊತ್ತುಪಡಿಸಿದ ಉದ್ದೇಶಕ್ಕೆ ಬಂದ ದೇಣಿಗೆಯನ್ನು ಬೇರೆಯಾಗಿಯೇ ತೋರಿಸಬೇಕು. ಶಾಲಾ ಕಾರ್ಯಕ್ರಮಕ್ಕೆಂದು ಬಂದ ಹಣದಲ್ಲಿ ಬಾಡಿಗೆ ಕಟ್ಟಿ ಆಮೇಲೆ ತುಂಬುತ್ತೇವೆ ಎನ್ನುವುದು ಅತಿ ಸಾಮಾನ್ಯವಾದ ತಪ್ಪು, ಆ ಆಮೇಲೆ ಬರುವುದೇ ಇಲ್ಲ. ಮೂರರಿಂದ ಆರು ತಿಂಗಳ ಖರ್ಚಿಗಾಗುವಷ್ಟು ಮೀಸಲು ನಿಧಿ ಇರಲಿ. ಬೇರೆ ಸಂಘ ಒಂದು ಕಾರ್ಯಕ್ರಮ ನಿಲ್ಲಿಸಿದರೆ ಬೇಸರವಷ್ಟೇ ಆಗಬಹುದು. ಸಹಾಯವಾಣಿ ಮುನ್ಸೂಚನೆಯಿಲ್ಲದೆ ನಿಂತರೆ ಅದೇ ಸಂಖ್ಯೆಯನ್ನು ನಂಬಿದವರು ಕತ್ತಲಲ್ಲಿ ಉಳಿಯುತ್ತಾರೆ.

ಅರ್ಧಕ್ಕಿಂತ ಹೆಚ್ಚು ಆದಾಯ ಒಬ್ಬರೇ ದಾನಿಯಿಂದ ಬರುತ್ತಿದ್ದರೆ ಅದು ಪ್ರತಿ ಸಭೆಯಲ್ಲೂ ಚರ್ಚೆಯಾಗಬೇಕಾದ ಅಪಾಯ. ಮದ್ಯ, ಜೂಜು, ಕೀಟನಾಶಕ ತಯಾರಕರಿಂದ ದೇಣಿಗೆ ಪಡೆಯಬಹುದೇ ಎಂಬುದನ್ನು ಚೆಕ್ ಕೈಗೆ ಬರುವ ಮೊದಲೇ ತೀರ್ಮಾನಿಸಿ ಬರೆದಿಡಿ. ಬೇಡ ಎನ್ನುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕೆಲಸದಿಂದ ಪ್ರಯೋಜನವಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಇದು ಅತ್ಯಂತ ಕಷ್ಟದ ಪ್ರಶ್ನೆ, ತಪ್ಪು ಉತ್ತರ ಕೊಡುವ ಆಸೆಯೂ ಇಲ್ಲೇ ಹೆಚ್ಚು. "ಈ ವರ್ಷ ಇಷ್ಟು ಜೀವ ಉಳಿಸಿದೆವು" ಎಂದು ವಾರ್ಷಿಕ ವರದಿಯಲ್ಲಿ ಬರೆಯಬೇಡಿ, ಅದನ್ನು ಅಳೆಯಲು ಬರುವುದಿಲ್ಲ. ಊರಿನ ಅಂಕಿಅಂಶ ಹಿಡಿದು ಮಾತಾಡುವಾಗಲೂ ಜಾಗ್ರತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ, ಅಂದರೆ ಲಕ್ಷಕ್ಕೆ ಸುಮಾರು ಒಂಬತ್ತು. 50,000 ಜನರ ಊರಿಗೆ ಈ ಸರಾಸರಿಯನ್ನೇ ಹಿಡಿದರೆ ವರ್ಷಕ್ಕೆ ನಾಲ್ಕೈದು. ಇಷ್ಟು ಸಣ್ಣ ಸಂಖ್ಯೆ ಯಾವ ಕಾರಣವೂ ಇಲ್ಲದೆ ಒಂದು ವರ್ಷ ಎರಡಕ್ಕಿಳಿದು ಮರುವರ್ಷ ಏಳಕ್ಕೇರಬಹುದು. ಇಳಿದಾಗ ಸಂಭ್ರಮಿಸಿದ ಸಂಘಕ್ಕೆ ಏರಿದಾಗ ಉತ್ತರವಿರುವುದಿಲ್ಲ. ಕನಿಷ್ಠ ಐದು ವರ್ಷದ ಸರಾಸರಿ ನೋಡಬೇಕು.

ಮಂಡಳಿ ಪ್ರತಿ ತಿಂಗಳು ನೋಡಬಹುದಾದ, ನೋಡಲೇಬೇಕಾದ ಅಂಕಿಗಳು ಬೇರೆ ಇವೆ. ಬಂದ ಕರೆಗಳಲ್ಲಿ ಎಷ್ಟಕ್ಕೆ ಉತ್ತರ ಸಿಕ್ಕಿತು, ಎಷ್ಟು ಜನ ಕಾದು ಕಡಿತಗೊಳಿಸಿದರು, ಸರಾಸರಿ ಕಾಯುವಿಕೆ ಎಷ್ಟು ಸೆಕೆಂಡು, ಯಾವ ಹೊತ್ತಿನ ಪಾಳಿಗಳು ಖಾಲಿ, ತರಬೇತಿ ಮುಗಿಸಿದವರಲ್ಲಿ ಒಂದು ವರ್ಷದ ನಂತರ ಎಷ್ಟು ಜನ ಉಳಿದರು, ಅಪಾಯದಲ್ಲಿದ್ದವರಿಗೆ ನಿಗದಿತ ಸಮಯದೊಳಗೆ ಮರುಕರೆ ಹೋಯಿತೇ. ಕರೆಗಳ ಒಟ್ಟು ಸಂಖ್ಯೆ ಏರಿದ್ದು ಹೆಮ್ಮೆಯ ಸಂಗತಿಯಂತೆ ಕಾಣುತ್ತದೆ. ಉತ್ತರ ಸಿಗದೆ ಅದೇ ವ್ಯಕ್ತಿ ನಾಲ್ಕು ಬಾರಿ ಯತ್ನಿಸಿದರೂ ಆ ಸಂಖ್ಯೆ ಏರುತ್ತದೆ ಎಂಬುದು ನೆನಪಿರಲಿ.

ಯಾವ ಕಾರ್ಯಕ್ರಮಗಳಿಗೆ ಒಪ್ಪಿಗೆ ಕೊಡಬೇಕು?

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ, 2003ರಿಂದ ಆಚರಣೆಯಲ್ಲಿದೆ. ಅಂದು ಜಾಥಾ ಮಾಡಿ, ದೀಪ ಹಚ್ಚಿ, ತಪ್ಪಿಲ್ಲ. ಆದರೆ ವರ್ಷದ ಹಣವೆಲ್ಲ ಆ ಒಂದು ದಿನಕ್ಕೆ ಸುರಿಯಬೇಡಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗದರ್ಶಿ ನಾಲ್ಕು ಕೆಲಸಗಳನ್ನು ಮುಖ್ಯವೆನ್ನುತ್ತದೆ: ಸಾಯುವ ಸಾಧನಗಳು ಕೈಗೆ ಸಿಗದಂತೆ ಮಾಡುವುದು, ಮಾಧ್ಯಮಗಳ ಜೊತೆ ಜವಾಬ್ದಾರಿಯ ವರದಿಗಾರಿಕೆಗಾಗಿ ಕೆಲಸ ಮಾಡುವುದು, ಹದಿಹರೆಯದವರಲ್ಲಿ ಭಾವನೆ ನಿಭಾಯಿಸುವ ಕೌಶಲ ಬೆಳೆಸುವುದು, ಅಪಾಯದಲ್ಲಿರುವವರನ್ನು ಬೇಗ ಗುರುತಿಸಿ ಜೊತೆಗಿರುವುದು.

ಮೊದಲನೆಯದು ಜನರಿಗೆ ನಂಬಿಕೆ ಬಾರದ ಆದರೆ ಬಲವಾದ ಪುರಾವೆಯಿರುವ ದಾರಿ. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ 1995ರಿಂದ 2015ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ತೀವ್ರವಾದ ಸಾಯುವ ತುಡಿತ ಹಲವರಲ್ಲಿ ಅಲ್ಪಕಾಲದ್ದು. ಆ ಹೊತ್ತು ದಾಟಿದರೆ ಹೆಚ್ಚಿನವರು ಬದುಕುತ್ತಾರೆ. ನಿಮ್ಮ ಊರಿನ ಮಟ್ಟದಲ್ಲಿ ಇದು ಮನೆಯವರಿಗೆ ಔಷಧ, ರಾಸಾಯನಿಕಗಳನ್ನು ಬೀಗ ಹಾಕಿಡುವುದನ್ನು ಕಲಿಸುವಷ್ಟು ಸಾದಾ ಕೆಲಸವಾಗಿರಬಹುದು.

ಶಾಲೆಗಳ ವಿಷಯದಲ್ಲಿ, 10 ಯುರೋಪಿಯನ್ ದೇಶಗಳ 11,110 ವಿದ್ಯಾರ್ಥಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಗಮನಿಸಬೇಕಾದದ್ದು. ಮಕ್ಕಳೇ ಪಾತ್ರ ವಹಿಸಿ, ಚರ್ಚಿಸಿ ಕಲಿಯುವ ಕಾರ್ಯಕ್ರಮದಿಂದ ವರ್ಷದ ಕೊನೆಗೆ ಆತ್ಮಹತ್ಯಾ ಯತ್ನಗಳು ಕಡಿಮೆಯಾದವು. ಶಿಕ್ಷಕರಿಗಷ್ಟೇ ತರಬೇತಿ ಕೊಟ್ಟ ಕಡೆ ಅಂಥ ಸ್ಪಷ್ಟ ಫಲ ಕಾಣಲಿಲ್ಲ. ಸಾವಿರ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ಒಂದು ಗಂಟೆ ಭಾಷಣ ಮಾಡಿ ಹೊರಡುವ ಪ್ರಸ್ತಾವ ಬಂದರೆ ಒಪ್ಪಬೇಡಿ. ಅಂದು ಸಂಜೆ ಕಷ್ಟ ಹೇಳಿಕೊಳ್ಳಲು ಬರುವ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಹೆಸರು ಹಿಡಿದು ಉತ್ತರ ಸಿಗುವವರೆಗೆ ದಿನಾಂಕ ನಿಗದಿ ಮಾಡಬೇಡಿ.

ಊರಿನಲ್ಲಿ ಒಂದು ಸಾವಾದಾಗ ಮಂಡಳಿ ಏನು ಮಾಡಬೇಕು?

ಯೋಜನೆ ಮೊದಲೇ ಬರೆದಿರಬೇಕು, ಆ ದಿನ ಯಾರ ತಲೆಯೂ ಓಡುವುದಿಲ್ಲ. ಮೊದಲ 24 ಗಂಟೆಯಲ್ಲಿ ಸುದ್ದಿ ನಿಜವೇ ಎಂದು ಖಚಿತಪಡಿಸಿಕೊಳ್ಳಿ, ಸತ್ತವರನ್ನು ಬಲ್ಲ ಸ್ವಯಂಸೇವಕರಿಗೆ ಪಾಳಿಯಿಂದ ಬಿಡುವು ಕೊಡಿ, ಪತ್ರಿಕೆಯವರೊಡನೆ ಮಾತಾಡುವವರು ಒಬ್ಬರೇ ಎಂದು ಗೊತ್ತು ಮಾಡಿ. ಕುಟುಂಬದವರ ಮನೆಗೆ ಗುಂಪಾಗಿ ನುಗ್ಗಬೇಡಿ. ಪರಿಚಿತರೊಬ್ಬರ ಮೂಲಕ ಸಂಘ ಇದೆ ಎಂದು ತಿಳಿಸಿ, ಬೇಕೆನಿಸಿದಾಗ ಬರಲಿ. ಮುಂದಿನ ವಾರಗಳಲ್ಲಿ ಗೆಳೆಯರು, ಸಹಪಾಠಿಗಳು, ಮೊದಲೇ ಕಷ್ಟದಲ್ಲಿದ್ದವರ ಮೇಲೆ ಗಮನವಿರಲಿ. ಒಂದು ಸಾವಿನ ಬೆನ್ನಿಗೆ ಇನ್ನೊಂದು ಸಂಭವಿಸುವ ಅಪಾಯ ಹದಿಹರೆಯದವರಲ್ಲಿ ಹೆಚ್ಚು.

ಹೇಳಿಕೆಯಲ್ಲಿ ವಿಧಾನ, ಸ್ಥಳದ ವಿವರ, ಬರೆದಿಟ್ಟ ಪತ್ರದ ಸಾಲು ಇರಬಾರದು. ಪರೀಕ್ಷೆ, ಸಾಲ, ಪ್ರೇಮ ಎಂದು ಒಂದೇ ಕಾರಣ ಹೇಳಬಾರದು. ನೋವಿನಿಂದ ಬಿಡುಗಡೆಯಾಯಿತು ಎಂಬಂಥ ಮಾತೂ ಬೇಡ, ಅದೇ ನೋವಿನಲ್ಲಿರುವ ಇನ್ನೊಬ್ಬರಿಗೆ ಅದು ದಾರಿಯಂತೆ ಕಾಣಬಹುದು. ಸಹಾಯ ಸಿಗುವ ಜಾಗ, ಸಂಖ್ಯೆ ಇರಲೇಬೇಕು. ಪತ್ರಿಕೆಗಳು ಬರೆಯುವ ರೀತಿಗೆ ಇಷ್ಟು ಮಹತ್ವ ಯಾಕೆಂದರೆ, ವಿಯೆನ್ನಾದಲ್ಲಿ 1987ರಲ್ಲಿ ಒಂದು ಬಗೆಯ ಆತ್ಮಹತ್ಯೆಗಳ ರೋಚಕ ವರದಿ ನಿಂತ ಮೇಲೆ ಆ ಬಗೆಯ ಸಾವು ಮತ್ತು ಯತ್ನಗಳು ಗಣನೀಯವಾಗಿ ಇಳಿದವು. ಇನ್ನೊಂದು ಮಗ್ಗುಲೂ ಇದೆ. ಬಿಕ್ಕಟ್ಟನ್ನು ದಾಟಿ ಬದುಕಿದವರ ಕತೆಗಳು ಓದುಗರನ್ನು ಕಾಪಾಡಬಲ್ಲವು ಎಂಬುದನ್ನು 2010ರ ಆಸ್ಟ್ರಿಯಾದ ಅಧ್ಯಯನ ಸೂಚಿಸಿತು.

ಸತ್ತವರು ನಮ್ಮದೇ ಸಹಾಯವಾಣಿಗೆ ಕರೆ ಮಾಡಿದ್ದವರಾದರೆ? ದಾಖಲೆಯನ್ನು ಇದ್ದಂತೆಯೇ ಭದ್ರಪಡಿಸಿ, ಒಂದಕ್ಷರವೂ ತಿದ್ದಬಾರದು. ವಿಮೆಯವರಿಗೆ, ವಕೀಲರಿಗೆ ತಿಳಿಸಿ. ಆ ಕರೆ ಸ್ವೀಕರಿಸಿದವರ ಜೊತೆ ಅದೇ ದಿನ ಒಬ್ಬರು ಕೂರಬೇಕು, ಅವರಿಗೆ ಹೊರಗಿನ ಆಪ್ತಸಮಾಲೋಚಕರ ನೆರವು ಸಂಘದ ಖರ್ಚಿನಲ್ಲೇ ಸಿಗಬೇಕು. ಕೆಲವು ವಾರ ಕಳೆದ ಮೇಲೆ ಹೊರಗಿನ ತಜ್ಞರೊಬ್ಬರನ್ನು ಸೇರಿಸಿಕೊಂಡು ಪರಿಶೀಲನೆ ನಡೆಸಿ. ಯಾರದು ತಪ್ಪು ಎಂದು ಹುಡುಕಬೇಡಿ. ಯಾವ ವ್ಯವಸ್ಥೆ ಕೈಕೊಟ್ಟಿತು, ಏನು ಬದಲಾಗಬೇಕು ಎಂದು ಹುಡುಕಿ. ತಪ್ಪು ಹೊರಿಸಿದ ಸಂಘದಲ್ಲಿ ಮುಂದೆ ಯಾರೂ ಸತ್ಯ ಬರೆದಿಡುವುದಿಲ್ಲ.

ನನ್ನ ಮೇಲೆ ಕಾನೂನಿನ ಹೊಣೆ ಬರುತ್ತದೆಯೇ?

ದೇಶದಿಂದ ದೇಶಕ್ಕೆ ಕಾನೂನು ಬೇರೆ. ಸೇರುವ ಮೊದಲೇ ಸ್ಥಳೀಯ ವಕೀಲರಿಂದ ಬರಹದಲ್ಲಿ ಕೇಳಿಕೊಳ್ಳಿ. ಪದಾಧಿಕಾರಿಗಳಿಗೂ ಸ್ವಯಂಸೇವಕರಿಗೂ ವಿಮೆ ಅನ್ವಯಿಸುತ್ತದೆಯೇ ನೋಡಿ. ಅಪ್ರಾಪ್ತರ ಕರೆ, ಜೀವಾಪಾಯವಿದ್ದಾಗ ಗೋಪ್ಯತೆ ಮುರಿಯುವುದು, ದಾಖಲೆ ಎಷ್ಟು ವರ್ಷ ಇಡಬೇಕು ಎಂಬ ಮೂರಕ್ಕೂ ಲಿಖಿತ ನಿಯಮ ಇರಲೇಬೇಕು.

ಈ ಕೆಲಸ ನನ್ನನ್ನೇ ಕುಗ್ಗಿಸಿದರೆ?

ಮಂಡಳಿಯವರು ಕರೆ ಸ್ವೀಕರಿಸುವುದಿಲ್ಲವಾದ್ದರಿಂದ ಅವರಿಗೇನೂ ಆಗದು ಎಂದುಕೊಳ್ಳುವುದು ತಪ್ಪು. ಘಟನಾ ವರದಿಗಳನ್ನು ತಿಂಗಳುಗಟ್ಟಲೆ ಓದುವುದು ಭಾರವೇ. ನಿದ್ದೆ ಕೆಡುವುದು, ವರದಿ ತೆರೆಯಲು ಹಿಂಜರಿಕೆ, ಸಭೆ ತಪ್ಪಿಸುವ ನೆಪ, ಮನೆಯವರ ಮೇಲೆ ಸಿಡುಕು ಕಂಡರೆ ಅಧ್ಯಕ್ಷರಿಗೆ ಹೇಳಿ ರಜೆ ಪಡೆಯಿರಿ. ಕಾರಣ ಕೇಳದೆ ಮೂರು ತಿಂಗಳ ರಜೆ ಕೊಡುವ ಅವಕಾಶ ನಿಯಮದಲ್ಲೇ ಇರಲಿ. ಸಾಯುವ ಯೋಚನೆ ಬಂದರೆ ಸಂಘದ ಗೆಳೆಯರ ಮುಂದೆ ಹೇಳಲು ನಾಚಿಕೆಯಾಗಬಹುದು. ಬೇರೆ ಊರಿನ ಸಹಾಯವಾಣಿಗೆ, ನಿಮ್ಮ ವೈದ್ಯರಿಗೆ ಹೇಳಿ, ಆದರೆ ಹೇಳದೆ ಇರಬೇಡಿ.

ಭಿನ್ನಾಭಿಪ್ರಾಯ ಬಂದು ಹೊರಬರಬೇಕೆನಿಸಿದರೆ?

ನಿರ್ಣಯ ಒಪ್ಪಿಗೆಯಿಲ್ಲದಿದ್ದರೆ ನಿಮ್ಮ ವಿರೋಧವನ್ನು ಕಾರಣ ಸಮೇತ ನಡಾವಳಿಯಲ್ಲಿ ಬರೆಸಿ. ಸುರಕ್ಷತೆಯ ವಿಷಯದಲ್ಲಿ ಮಂಡಳಿ ಕಿವಿಗೊಡದಿದ್ದರೆ ಸಂಘದ ನೋಂದಣಿ ನೋಡಿಕೊಳ್ಳುವ ಪ್ರಾಧಿಕಾರಕ್ಕೆ ತಿಳಿಸುವ ಹಕ್ಕು ನಿಮಗಿದೆ. ಹೊರಡುವುದೇ ಆದರೆ ರಾಜೀನಾಮೆ ಬರಹದಲ್ಲಿರಲಿ, ಒಂದು ತಿಂಗಳ ಮುನ್ಸೂಚನೆ ಕೊಡಿ, ಕೈಯಲ್ಲಿರುವ ಕೆಲಸವನ್ನು ಹೆಸರು ಹೇಳಿ ಒಬ್ಬರಿಗೆ ಒಪ್ಪಿಸಿ. ಬ್ಯಾಂಕಿನ ಸಹಿ ಅಧಿಕಾರದಿಂದ, ನೋಂದಣಿ ದಾಖಲೆಯಿಂದ ನಿಮ್ಮ ಹೆಸರು ತೆಗೆದದ್ದಕ್ಕೆ ಪ್ರತಿ ಪಡೆಯಿರಿ. ಮನೆಯಲ್ಲಿರುವ ಕಡತಗಳನ್ನು ಹಿಂದಿರುಗಿಸಿ, ಫೋನು ಕಂಪ್ಯೂಟರಿನಲ್ಲಿ ಉಳಿದ ಪ್ರತಿಗಳನ್ನು ಅಳಿಸಿ. ಕೇಳಿದ ಗುಟ್ಟುಗಳನ್ನು ಕಾಯುವ ಕರ್ತವ್ಯ ಅವಧಿ ಮುಗಿದರೂ ಮುಗಿಯುವುದಿಲ್ಲ.